ಬೇವಿನ ಮರದ ಕೆಳಗೆ ಎರಡು ಕಪ್ಪು ಕಾರು

ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋದ ಫೋಟೊಗ್ರಾಫರುಗಳೆಲ್ಲ ಒಂದೇ ಜಾಗದಲ್ಲಿ ನಿಲ್ಲುತ್ತಾರೆ. ಮುಂದಿನ ಬಂಪರಿನಿಂದ ನಾಲ್ಕು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಎಡಕ್ಕೆ. ಅಲ್ಲಿಂದ ಕಾರಿನ ಮೂತಿ ಕಾಣುತ್ತದೆ, ಒಂದು ಮಗ್ಗುಲು ಕಾಣುತ್ತದೆ, ಬಾಗಿಲಿಗೆ ಕೈಯಿಟ್ಟು ನಿಂತ ಮಾಲೀಕರ ಮೀಸೆಯೂ ಕಾಣುತ್ತದೆ. ಆರು ವರ್ಷ ನಾನೂ ಅಲ್ಲೇ ನಿಂತು ಕೆಲಸ ಮುಗಿಸಿದ್ದೆ.

ನಾನು ವಾರಾಣಸಿಯ ಒಂದು ಹಿಂದಿ ದಿನಪತ್ರಿಕೆಯ ಫೋಟೊಗ್ರಾಫರ್. ಹುಟ್ಟಿದ್ದು ಹನುಮಾನ್ ಘಾಟಿನ ಕನ್ನಡ ಪುರೋಹಿತರ ಮನೆಯಲ್ಲಿ. ಅದುವರೆಗೆ ನನ್ನ ಯಾವ ಚಿತ್ರವೂ ಎರಡು ಕಾಲಮ್ಮಿಗಿಂತ ಅಗಲವಾಗಿ ಅಚ್ಚಾಗಿರಲಿಲ್ಲ. ಆ ಜನವರಿಯ ಶುಕ್ರವಾರ ಫೋಟೊ ವಿಭಾಗದ ಮುಖ್ಯಸ್ಥರು ಕರೆದು, ಭಾನುವಾರದ ಕೊನೆಯ ಪುಟ ಖಾಲಿ ಇದೆ ಎಂದರು. ಮರುದಿನದ ಕಾರು ಪ್ರದರ್ಶನದಿಂದ ಪುಟದಗಲ ನಿಲ್ಲಬಲ್ಲ ಒಂದು ಚಿತ್ರ ತಂದರೆ ಇಡೀ ಪುಟ ನನ್ನದು, ಹೆಸರು ಸಮೇತ. ತರದಿದ್ದರೆ ಸಂಘಟಕರು ಕಳಿಸುವ ಚಿತ್ರಗಳಿಂದ ತುಂಬಿಸುವುದು. ಮುಖ್ಯಸ್ಥರ ನಿಯಮ ನನಗೆ ಮೊದಲೇ ಗೊತ್ತಿತ್ತು: ಚಿತ್ರದೊಳಗಿರುವ ಏನನ್ನೂ ಮುಟ್ಟಬಾರದು, ಯಾರನ್ನೂ ಸರಿದು ನಿಲ್ಲಿ ಎನ್ನಬಾರದು, ಅಡಿಬರಹದಲ್ಲಿ ನಡೆದದ್ದನ್ನಲ್ಲದೆ ಬೇರೇನೂ ಬರೆಯಬಾರದು.

ಬೆಳಿಗ್ಗೆ ಏಳೂವರೆಗೆ ಊರಿನ ಲಂಕಾ ಬಡಾವಣೆಯಿಂದ ಸ್ವಲ್ಪ ದೂರದ ಕಾಲೇಜು ಮೈದಾನ ತಲುಪಿದಾಗ ದಟ್ಟ ಮಂಜು. ಬೇರೆ ಪತ್ರಿಕೆಯವರು ಬಿಸಿಲು ಬರಲಿ ಎಂದು ಚಹಾದ ಗಾಡಿಯ ಹತ್ತಿರ ಕಾಯುತ್ತಿದ್ದರು. ಒಂದು ಕಪ್ಪು ಬಾನೆಟ್ಟಿನ ಹತ್ತಿರ ಬಗ್ಗಿ ನೋಡಿದಾಗ ಕಾಯಬಾರದು ಎಂದು ನನಗೆ ತಿಳಿಯಿತು. ಬಿಸಿಲಿದ್ದರೆ ಕಾರಿನ ಮೈಯ ಮೇಲೆ ಒಂದು ಉರಿಯುವ ಚುಕ್ಕೆ, ಅದರ ಸುತ್ತ ಕತ್ತಲೆ; ಅಷ್ಟೇ ಸಿಗುತ್ತದೆ. ಮಂಜಿನಲ್ಲಿ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುತ್ತದೆ. ಬಾನೆಟ್ಟಿನ ಮೇಲೆ ಬೇವಿನ ಮರದ ಒಂದೊಂದು ಎಲೆಯೂ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿತ್ತು. ಕಾರನ್ನು ಬಿಟ್ಟು ಕಾರಿನ ಹೊಳಪಿನಲ್ಲಿ ಮೂಡಿದ್ದನ್ನು ತೆಗೆಯಬಹುದಲ್ಲ ಎಂದು ಹೊಳೆದದ್ದು ಆಗ.

ಮುಂದಿನ ಒಂದು ಗಂಟೆ ನಾನು ನೆಟ್ಟಗೆ ನಿಲ್ಲಲೇ ಇಲ್ಲ. ಕೆಂಪು ಕಾರಿನ ಹಿಂದಿನ ಕಿಟಕಿಯಿಂದ ಅದರ ಮುಂದಿನ ಗಾಜಿನ ಮೂಲಕ ಆಚೆ ನಿಂತ ಬಿಳಿ ಕಾರನ್ನು ನೋಡಿದೆ. ಒಂದರ ಹೊಟ್ಟೆಯಲ್ಲಿ ಇನ್ನೊಂದು ಕೂತಂತೆ ಕಂಡಿತು. ಗೇಟಿನ ಹತ್ತಿರ ಕೂತು, ಒಳಗೆ ಬರುವ ಕಾರುಗಳ ಜೊತೆ ಕ್ಯಾಮೆರಾವನ್ನೂ ತಿರುಗಿಸುತ್ತ ನಿಧಾನದ ಶಟರಿನಲ್ಲಿ ತೆಗೆದೆ. ಮೂವತ್ತರಲ್ಲಿ ಎರಡು ಬಂದವು, ಕಾರು ಚೂಪಾಗಿ, ಹಿಂದಿನ ಗೋಡೆ ಬರೀ ಗೆರೆಗೆರೆಯಾಗಿ. ಒಬ್ಬ ಚಾಲಕರು ಹೆಡ್‌ಲೈಟಿನ ಗಾಜಿಗೆ ಉಸಿರು ಊದಿ ಕೊರಳಿನ ಮಫ್ಲರಿನ ತುದಿಯಿಂದ ಒರೆಸುತ್ತಿದ್ದರು. ಉಸಿರಿನ ಮಬ್ಬು ಕರಗುವ ಮೊದಲು ಅದೂ ಸಿಕ್ಕಿತು. ಪ್ರತಿ ಸಲವೂ ಮೊದಲು ಕಾರಿನ ಸಂಖ್ಯೆ, ಮಾಲೀಕರ ಹೆಸರು, ಊರು ಬರೆದುಕೊಂಡೆ, ಅದು ಅಭ್ಯಾಸ. ಇವೆಲ್ಲ ಒಳ್ಳೆಯ ಚಿತ್ರಗಳೇ. ಆದರೆ ಪುಟದಗಲ ನಿಲ್ಲುವಂಥದು ಇನ್ನೂ ಸಿಕ್ಕಿರಲಿಲ್ಲ.

ಬೇವಿನ ಮರದ ಕೆಳಗೆ, ಬುಡದ ಈಚೆಗೊಂದು ಆಚೆಗೊಂದು, ಎರಡು ಕಪ್ಪು ಕಾರುಗಳಿದ್ದವು. ಈಚೆಯದು ಊರಿನ ಚೌಕ್ ಪೇಟೆಯ ಸೀರೆ ವ್ಯಾಪಾರಿಯೊಬ್ಬರದು, ಅವರ ಅಜ್ಜನ ಕಾಲದ್ದು. ಆಚೆಯದನ್ನು ಮೈಸೂರಿನ ಗಂಡ ಹೆಂಡತಿ ಅಲ್ಲಿಂದಲೇ ಓಡಿಸಿಕೊಂಡು ಬಂದಿದ್ದರು. ಈಚೆಯ ಕಾರಿನ ಚಕ್ರದ ನಡುವನ್ನು ಮುಚ್ಚುವ ವೀಲ್ ಕಪ್‌ಗೆ ಊಟದ ತಟ್ಟೆಯಷ್ಟು ಅಗಲ, ಉಬ್ಬಿದ ಬೆಳ್ಳಿ ಹೊಳಪು. ಕೆನ್ನೆ ಹುಲ್ಲಿಗೆ ತಾಗಿಸಿ, ನನ್ನ ನೆರಳು ಬೀಳದಂತೆ ಓರೆಯಾಗಿ ನೋಡಿದಾಗ ಇಡೀ ಮೈದಾನ ಅದರೊಳಗಿತ್ತು: ಮರ, ಜನ, ಆಕಾಶ, ಎಲ್ಲ ಬಾಗಿ ಒಂದು ಬಟ್ಟಲಿನೊಳಗೆ ಬಿದ್ದಂತೆ. ನಡುವೆ ಮಾತ್ರ ಏನೂ ಇರಲಿಲ್ಲ. ಆ ನಡುವಿಗೆ ಯಾರಾದರೂ ಬಂದು ಏನಾದರೂ ಮಾಡಬೇಕಿತ್ತು, ನಾನು ಕರೆಯದೆ.

ಬಂದವರು ನನ್ನ ಚಿಕ್ಕಪ್ಪ.

"ಯಾಕೇ ನೆಲದ ಮೇಲೆ ಬಿದ್ಕೊಂಡಿದೀಯ? ಥಂಡಿ ಹತ್ಕೊಳತ್ತೆ, ಏಳು," ಅಂದರು. ಕೈಯಲ್ಲಿ ಪೂಜೆಯ ಚೀಲ, ಕಂಕುಳಲ್ಲಿ ಬೂದುಗುಂಬಳಕಾಯಿ. ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ, ಪೂಜೆ ಮಾಡಿಸುವುದು ಅವರ ಕಸುಬು. ಯಾರೋ ಕಾರಿನ ಪೂಜೆಗೆ ಫೋನು ಮಾಡಿ ಕರೆಸಿದ್ದರಂತೆ. ಬೇವಿನ ಮರದ ಕೆಳಗಿನ ಕಪ್ಪು ಕಾರು ಎಂದಿದ್ದರಂತೆ. ನಾನು ಕೆಲಸದಲ್ಲಿದ್ದೇನೆ, ಇಲ್ಲೇ ಬಿದ್ದಿರುತ್ತೇನೆ, ನನ್ನನ್ನು ನೋಡಲೇಬೇಡಿ ಎಂದೆ. ಯಾವ ಕಡೆ ನಿಂತರೆ ಚೆನ್ನಾಗಿ ಬರುತ್ತದೆ ಎಂದು ಕೇಳಿದರು. ಹೇಳುವ ಹಾಗಿಲ್ಲ ಎಂದೆ. ಮನೆಯಲ್ಲಿ ಸೊಸೆ ಸಿಟ್ಟಾದಾಗ ಮಾಡುವಂತೆ ಒಮ್ಮೆ ಹುಬ್ಬೇರಿಸಿ ಕೆಲಸ ಶುರುಮಾಡಿದರು.

ಬಾನೆಟ್ಟಿಗೆ ಗಂಧ, ಕುಂಕುಮ. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಸೀರೆ ವ್ಯಾಪಾರಿ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದರು. ಚಿಕ್ಕಪ್ಪ ಅವರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು, ಅವರು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು. ನನಗೂ ಅದು ವಿಚಿತ್ರ ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ದಿನಾ ನಡೆಯುವುದೇ ಅದು: ದೊಡ್ಡವರು ಕನ್ನಡದಲ್ಲಿ ಕೇಳುತ್ತಾರೆ, ಮಕ್ಕಳು ಹಿಂದಿಯಲ್ಲಿ ಹೇಳುತ್ತಾರೆ. ಚಿಕ್ಕಪ್ಪನಿಗೆ ತಮ್ಮ ಮೊಮ್ಮಕ್ಕಳ ಜೊತೆ ಮಾತಾಡಿದಂತೆಯೇ ಇದ್ದಿರಬೇಕು. ಗೋತ್ರ ಎಂದಾಗ ವ್ಯಾಪಾರಿ ಗೋತ್ರ ಹೇಳಿದರು, ನೀರು ಬಿಡಿ ಎಂದು ಕೈ ತೋರಿಸಿದಾಗ ನೀರು ಬಿಟ್ಟರು. ಎಲ್ಲೂ ತೊಡಕಾಗಲಿಲ್ಲ.

ನಾನು ವೀಲ್ ಕಪ್ ನೋಡುತ್ತಿದ್ದೆ. ಚಿಕ್ಕಪ್ಪನ ಕೆಂಪು ಶಾಲು ಒಮ್ಮೆ ಅಂಚಿಗೆ ಬರುತ್ತಿತ್ತು, ಒಮ್ಮೆ ಮಾಯವಾಗುತ್ತಿತ್ತು. ಇನ್ನು ಎರಡು ಹೆಜ್ಜೆ ಬಲಕ್ಕೆ ಬಂದರೆ ನಡುವಿಗೆ ಬರುತ್ತಾರೆ. ಹೇಳಲಾರೆ. ಅವರು ಕುಂಬಳಕಾಯಿಯ ನೆತ್ತಿಯಲ್ಲಿ ತೂತು ಕೊರೆದು ಕುಂಕುಮ ತುಂಬಿದರು, ಮೇಲೆ ಕರ್ಪೂರ ಹಚ್ಚಿದರು. ಆಮೇಲೆ ವ್ಯಾಪಾರಿಯ ಕಡೆ ತಿರುಗಿ ಅಂದರು:

"ಮೈಸೂರಿಂದ ಅಷ್ಟು ದೂರ ಓಡಿಸ್ಕೊಂಡು ಬಂದಿದೀರಿ. ಎಷ್ಟು ಜನರ ಕಣ್ಣು ಬಿದ್ದಿದೆಯೋ. ದೃಷ್ಟಿ ತೆಗೀಲೇಬೇಕು."

"ಜೀ ಮಹಾರಾಜ್," ಅಂದರು ವ್ಯಾಪಾರಿ.

ಚಿಕ್ಕಪ್ಪನಿಗೆ ಕಾರು ತಪ್ಪಿದೆ ಎಂದು ಆಗ ಗೊತ್ತಾಯಿತು. ಮೈಸೂರಿನವರು ಮೈದಾನದ ಆಚೆ ತುದಿಯಲ್ಲಿ ಚಹಾ ಕುಡಿಯುತ್ತಿದ್ದರು. ಅವರ ಕಾರು ಮರದ ಆಚೆಗೆ ಸುಮ್ಮನೆ ನಿಂತಿತ್ತು. ಒಂದು ಮಾತು ಕೂಗಿದ್ದರೆ ಚಿಕ್ಕಪ್ಪ ನಿಲ್ಲುತ್ತಿದ್ದರು. ಅಷ್ಟರಲ್ಲಿ ಅವರು ಎರಡು ಹೆಜ್ಜೆ ಬಲಕ್ಕೆ ಬಂದರು. ಬಟ್ಟಲಿನ ನಡುವಿಗೆ ಎರಡು ತೋಳು ಎದ್ದವು, ತೋಳುಗಳ ಮೇಲೆ ಉರಿಯುವ ಕರ್ಪೂರ ಹೊತ್ತ ಬೂದುಗುಂಬಳ, ಕೆಳಗೆ ಕೈಮುಗಿದ ಮಾಲೀಕರು, ಸುತ್ತ ಬಾಗಿದ ಜನ, ಎಲ್ಲರ ಮೇಲೆ ಬಾಗಿದ ಮರ. ನಾನು ಬಟನ್ ಒತ್ತಿದೆ, ಕೂಗಲಿಲ್ಲ. ಕರ್ಪೂರ ಹಚ್ಚಿಯಾಗಿತ್ತು, ನಡುವೆ ನಿಲ್ಲಿಸಬಾರದು ಎಂದು ಆಮೇಲೆ ಮನೆಯಲ್ಲಿ ಹೇಳಿದೆ. ನಿಜವೆಂದರೆ ಆ ಕ್ಷಣ ನನಗೆ ಚಿತ್ರ ಬಿಟ್ಟು ಬೇರೇನೂ ಬೇಕಿರಲಿಲ್ಲ. ಕುಂಬಳಕಾಯಿ ನೆಲಕ್ಕೆ ಬಿದ್ದು ಸಿಡಿಯಿತು. ಕೆಂಪು ಹೋಳೊಂದು ನನ್ನ ಕೈಗೆ ಬಂದು ತಾಗಿತು. ಕ್ಯಾಮೆರಾದ ಪರದೆಯಲ್ಲಿ ನೋಡಿದೆ. ಸಿಕ್ಕಿತ್ತು.

ವ್ಯಾಪಾರಿ ಕಾರನ್ನು ನಿಂಬೆಹಣ್ಣಿನ ಮೇಲೆ ಹಾಯಿಸಿ, ಇಳಿದು ದಕ್ಷಿಣೆ ಕೊಡುವ ಹೊತ್ತಿಗೆ ಮೈಸೂರಿನವರು ಬಂದರು. ಹೆಂಡತಿ ಕೆಂಪು ಹೋಳುಗಳನ್ನು ನೋಡಿದರು, ತಮ್ಮ ಕಾರನ್ನು ನೋಡಿದರು.

"ನಾವು ಫೋನ್ ಮಾಡಿದ್ದು ಇದಕ್ಕಲ್ಲ ಶಾಸ್ತ್ರಿಗಳೇ, ಅದಕ್ಕೆ," ಅಂದರು.

ವ್ಯಾಪಾರಿಗೆ ನಾನೇ ಹಿಂದಿಯಲ್ಲಿ ವಿವರಿಸಿದೆ. ಕರೆಯದೆ ಪುರೋಹಿತರು ಬಂದಾಗ ಯಾಕೆ ಕೇಳಲಿಲ್ಲ ಎಂದರೆ, "ಬನಾರಸ್ ಮೇ ಪಂಡಿತ್‌ಜೀ ಕೋ ಕೌನ್ ರೋಕೇ ಬಹನ್‌ಜೀ?" ಎಂದು, ಕಾಶಿಯಲ್ಲಿ ಪಂಡಿತರನ್ನು ತಡೆಯುವವರು ಯಾರು ಎಂದು, ನನ್ನನ್ನೇ ಕೇಳಿದರು. ಸಂಘಟಕರೇ ಪ್ರತಿ ಕಾರಿಗೂ ಏರ್ಪಾಡು ಮಾಡಿದ್ದಾರೆ ಎಂದುಕೊಂಡಿದ್ದರಂತೆ. ಕುಂಬಳಕಾಯಿ ಒಡೆಯುವುದನ್ನು ಅವರು ನೋಡಿದ್ದು ಅದೇ ಮೊದಲು, ಬಹಳ ಹಿಡಿಸಿತ್ತು.

ಕಾರುಗಳ ಮೆರವಣಿಗೆ ಅಸ್ಸಿ ಘಾಟಿಗೆ ಹೊರಡಲು ಮುಕ್ಕಾಲು ಗಂಟೆ ಇತ್ತು, ಇನ್ನೊಂದು ಕುಂಬಳಕಾಯಿ ಇರಲಿಲ್ಲ. ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಆಟೊ ಹಿಡಿದು ಲಂಕಾಕ್ಕೆ ಓಡಿದೆ. ಇಲ್ಲಿ ಬೂದುಗುಂಬಳಕ್ಕೆ ಭತುವಾ ಅನ್ನುತ್ತಾರೆ, ಮಿಠಾಯಿಯವರು ಪೇಠಾ ಎಂಬ ಸಿಹಿ ಮಾಡುವುದು ಅದರಿಂದಲೇ. ಮೂರನೆಯ ತರಕಾರಿ ಗಾಡಿಯಲ್ಲಿ ಸಿಕ್ಕಿತು. ಚಿಕ್ಕಪ್ಪ ಮೈಸೂರಿನವರ ಕಾರಿಗೆ ಮೊದಲಿನಿಂದ ಎಲ್ಲವನ್ನೂ ಮಾಡಿದರು, ಈ ಸಲ ಊರು ಯಾವುದು ಎಂದು ಮೂರು ಬಾರಿ ಕೇಳಿ. ನಾನು ಕ್ಯಾಮೆರಾ ಎತ್ತಲಿಲ್ಲ. ಆ ಕುಂಬಳಕಾಯಿ ತಂದವಳು ನಾನು. ಅದರ ಚಿತ್ರ ತೆಗೆದರೆ ಸುದ್ದಿಯನ್ನು ನಾನೇ ಮಾಡಿ ನಾನೇ ತೆಗೆದ ಹಾಗೆ.

ಹೊರಡುವಾಗ ಚಿಕ್ಕಪ್ಪ ಹತ್ತಿರ ಬಂದು, ಇದನ್ನು ಪೇಪರಿಗೆ ಹಾಕಬೇಡ, ಘಾಟಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ ಎಂದರು. ನೋಡೋಣ ಎಂದೆ. ನಾನು ಅವರಿಗೆ ಕೊಟ್ಟ ಉತ್ತರಗಳಲ್ಲಿ ಅಷ್ಟು ಹೇಡಿತನದ್ದು ಇನ್ನೊಂದಿಲ್ಲ.

ಕಚೇರಿಯಲ್ಲಿ ಮುಖ್ಯಸ್ಥರು ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಚಿತ್ರ ದಾಟಿಸಿದರು. ಉಸಿರು ಊದಿದ ಹೆಡ್‌ಲೈಟಿನ ಹತ್ತಿರ ನಿಂತರು, ತಲೆಯಾಡಿಸಿದರು, ಮುಂದೆ ಹೋದರು. ವೀಲ್ ಕಪ್ ಬಂದಾಗ ಕನ್ನಡಕ ತೆಗೆದು ಮುಖವನ್ನು ಪರದೆಗೆ ತಾಗಿಸಿದರು.

ಇಲ್ಲಿ ಏನು ನಡೆಯುತ್ತಿದೆ ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ: ಪುರೋಹಿತರು ನನ್ನ ಚಿಕ್ಕಪ್ಪ, ಕಾರು ತಪ್ಪಿತು, ಒಂದು ಕ್ಷಣ ಮೊದಲೇ ನನಗೆ ಗೊತ್ತಾಗಿತ್ತು. ಅವರಿಗೆ ಎಲ್ಲಿ ನಿಲ್ಲಬೇಕೆಂದು ಹೇಳಿದೆಯಾ ಎಂದರು. ಕೇಳಿದರು, ಹೇಳಲಿಲ್ಲ ಎಂದೆ. ಮುಖ್ಯಸ್ಥರು ನಗುತ್ತಿದ್ದರು, ಆದರೆ ಮಾತು ಸಡಿಲವಾಗಲಿಲ್ಲ. ಕಾರು ತಪ್ಪಿದ್ದು ಅಡಿಬರಹದಲ್ಲಿ ಇರಬೇಕು ಎಂದರು. ಅದಿಲ್ಲದೆ ಈ ಚಿತ್ರ ಇಲ್ಲ, ಈ ಚಿತ್ರವಿಲ್ಲದೆ ಪುಟ ಇಲ್ಲ.

ಹೊರಗೆ ಮೆಟ್ಟಿಲ ಮೇಲೆ ಕೂತು ಚಿಕ್ಕಪ್ಪನಿಗೆ ಫೋನು ಮಾಡಿದೆ. ಬೇಡ ಎಂದರೆ ಬಿಡುವುದು ಎಂದು ತೀರ್ಮಾನಿಸಿಯೇ ಮಾಡಿದ್ದು. ಮುಖ್ಯಸ್ಥರು ಅಂದದ್ದನ್ನು ಹೇಳಿ, ಹಾಕಲಾ ಎಂದು ಕೇಳಿದೆ.

"ಮುಖ ಕಾಣತ್ತೇನೇ?"

"ಕಾಣತ್ತೆ ಚಿಕ್ಕಪ್ಪ. ಚೂರು ಬಾಗಿದೆ."

"ಎಷ್ಟು ದೊಡ್ಡದು?"

"ಇಡೀ ಪುಟ."

ಹಿಂದೆ ಚಿಕ್ಕಮ್ಮ ಏನೋ ಕೇಳಿದ್ದು ಕೇಳಿಸಿತು.

"ಹಾಕು," ಅಂದರು ಚಿಕ್ಕಪ್ಪ. "ಕಾರು ತಪ್ಪಾಯ್ತು ಅಂತ ಬರಿ. ಮಂತ್ರ ತಪ್ಪಲಿಲ್ಲ ಅಂತಾನೂ ಬರಿ."

ಎರಡನ್ನೂ ಬರೆದೆ. ಮುಖ್ಯಸ್ಥರು ಎರಡನೆಯ ವಾಕ್ಯದ ಮೇಲೆ ಬೆರಳಿಟ್ಟು, ಇದನ್ನು ಯಾರು ಖಚಿತಪಡಿಸುತ್ತಾರೆ ಎಂದರು. ನಾನೇ ಕೇಳಿದ್ದೇನೆ ಎಂದೆ. ನೀನು ಮನೆಯವಳು, ಬೇರೆಯವರು ಬೇಕು ಎಂದರು. ವ್ಯಾಪಾರಿಗೆ ಫೋನು ಮಾಡಿದೆ. ಎಲ್ಲ ಬಹಳ ಚೆನ್ನಾಗಿತ್ತು, ಮುಂದಿನ ವರ್ಷವೂ ಅವರನ್ನೇ ಕಳಿಸಿ ಎಂದರು. ಮಂತ್ರದ ಮಾತು ಬಂದಾಗ ತಮಗೆ ಅದೇನೂ ತಿಳಿಯದು ಎಂದು ಒಪ್ಪಿಕೊಂಡರು. ಮೈಸೂರಿನವರು ಆ ಪೂಜೆಯ ಹೊತ್ತಿಗೆ ಚಹಾ ಕುಡಿಯುತ್ತಿದ್ದರು, ಏನೂ ಕೇಳಿರಲಿಲ್ಲ. ಪುಟವನ್ನು ಅಚ್ಚಿಗೆ ಕಳಿಸುವ ಹೊತ್ತು ಹತ್ತಿರವಾಗಿತ್ತು. ಮುಖ್ಯಸ್ಥರು ವಾಕ್ಯವನ್ನು ಅಳಿಸಿದರು, ಅಲ್ಲಿ ಉಳಿದ ಜಾಗದಲ್ಲಿ ನನ್ನ ಹೆಸರನ್ನು ಎರಡು ಪಾಯಿಂಟ್ ದೊಡ್ಡದು ಮಾಡಿದರು.

ಭಾನುವಾರ ಬೆಳಿಗ್ಗೆ ಐದು ಪ್ರತಿ ಕೊಂಡು ಹನುಮಾನ್ ಘಾಟಿಗೆ ನಡೆದೆ. ಚಿಕ್ಕಪ್ಪ ಜಗಲಿಯ ಮೇಲೆ ಪುಟ ಹರಡಿಕೊಂಡು ತಮ್ಮ ಬಾಗಿದ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಡಿಬರಹವನ್ನು ಒಂದೊಂದೇ ಅಕ್ಷರ ಓದಿ, ಇನ್ನೊಂದು ವಾಕ್ಯ ಎಲ್ಲಿ ಎಂದು ಕೇಳಿದರು.