ಲ್ಯಾಪ್‌ಟಾಪಿನ ಕೆಳಗಿದ್ದ ವಲ್ಲಿ

ಗಜೇಂದ್ರಗಡದಲ್ಲಿ ನನ್ನ ಅಣ್ಣನದೊಂದು ಹಿಟ್ಟಿನ ಗಿರಣಿ ಇದೆ. ಹಳೆಯ ಜೋಡಣೆ, ಗೋಡೆಯ ಮೇಲಿನ ಹಿಡಿಕೆ ಎತ್ತಿದರೆ ಮೋಟಾರು ತಿರುಗುತ್ತದೆ, ಇಳಿಸಿದರೆ ನಿಲ್ಲುತ್ತದೆ. ಯಂತ್ರ ತಿರುಗಿಸುವ ಪಟ್ಟಾ, ಅಂದರೆ ಬೆಲ್ಟು, ಬದಲಿಸಲೆಂದು ಯಂತ್ರದ ಹಿಂದೆ ಹೋಗುವಾಗ ಅಣ್ಣ ಹಿಡಿಕೆ ಇಳಿಸಿ, ಹೆಗಲ ಮೇಲಿನ ವಲ್ಲಿಯನ್ನು, ಅಂದರೆ ಟವೆಲನ್ನು, ಅದರ ಮೇಲೆ ಹಾಕುತ್ತಾನೆ. ವಲ್ಲಿ ಇದ್ದರೆ ಒಳಗೆ ಕೈ ಇದೆ ಎಂದರ್ಥ. ವಲ್ಲಿ ಇಲ್ಲದಿದ್ದರೆ ಖಾಯಂ ಗಿರಾಕಿಗಳು ತಾವೇ ಹಿಡಿಕೆ ಎತ್ತಿ ಜೋಳ ಸುರಿದುಕೊಳ್ಳುವುದೂ ಉಂಟು. ಇದೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತು.

ಈ ವರ್ಷ ಓದು ಮುಗಿಸಿ ಮನೆಗೆ ಬಂದವಳು ಮಧ್ಯಾಹ್ನವೆಲ್ಲ ಗಿರಣಿಯಲ್ಲಿ, ಹಿಡಿಕೆಯ ಪಕ್ಕದ ಕಟ್ಟೆಯ ಮೇಲೆ, ಕೂರುತ್ತಿದ್ದೆ. ತೂಕ ಮಾಡಿಕೊಡಲು ಎಂದು ಹೆಸರು. ನಿಜವಾದ ಕಾರಣ, ಅಲ್ಲಿ ಕರೆಂಟು ಮನೆಯಲ್ಲಿನಂತೆ ಹೋಗಿಬಂದು ಮಾಡುತ್ತಿರಲಿಲ್ಲ.

ನನ್ನ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಭಾರವಾಗಿ ಲಿನಕ್ಸ್ ಹಾಕಿಕೊಂಡಿದ್ದೆ. ಅದರಲ್ಲಿ ಒಂದು ಆಟ ಆಡುತ್ತಿದ್ದೆ. ಆ ಆಟಕ್ಕೆ ಆಡುವವರೇ ಬರೆದು ಹಂಚುವ ಹೊಸ ತುಣುಕುಗಳಿವೆ, ಮಾಡ್ ಎನ್ನುತ್ತಾರೆ: ಹೊಸ ಮರ, ಹೊಸ ಬೆಳಕು, ಹೊಸ ಊರು. ಅವನ್ನು ಆಟಕ್ಕೆ ಸೇರಿಸಿ, ಬೇಡವಾದಾಗ ತೆಗೆದುಹಾಕಲು ಮಾಡ್ ಮ್ಯಾನೇಜರ್ ಎಂಬ ತಂತ್ರಾಂಶ ಬೇಕು. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಒಂದು ವಿಂಡೋಸಿಗೆಂದು ಮಾಡಿದ್ದು. ಬಲು ಅನುಕೂಲ, ಆದರೆ ಲಿನಕ್ಸಿನಲ್ಲಿ ಇನ್ನೊಂದು ತಂತ್ರಾಂಶದ ಮೂಲಕ ಓಡಬೇಕು. ಇನ್ನೊಂದು ಲಿನಕ್ಸಿನದೇ, ನೋಡಲು ಒರಟು, ಆಟದ ಫೋಲ್ಡರಿನಲ್ಲಿ ಮಾಡ್‌ಗಳತ್ತ ಬೆರಳು ತೋರುವ ಬರೀ ಕೊಂಡಿಗಳನ್ನು ಇಟ್ಟು ಸುಮ್ಮನಾಗುತ್ತದೆ. ಯಾವುದರಲ್ಲಿ ಆಟ ತಡವರಿಸದೆ ಓಡುತ್ತದೆ ಎಂದು ಅಳೆಯಬೇಕಿತ್ತು. ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ತಾನಾಗಿಯೇ ನಿಧಾನವಾಗುವುದರಿಂದ ಅಳತೆ ಸುಳ್ಳಾಗುತ್ತದೆ. ಹಾಗಾಗಿ ಗಿರಣಿಯ ಕರೆಂಟು.

ಅವತ್ತು ಅಣ್ಣ ಹಿಡಿಕೆ ಇಳಿಸಿ, ವಲ್ಲಿ ಹಾಕಿ, "ಪಟ್ಟಾ ಸಡ್ಲ ಆಗೇತಿ, ಬಿಗಿ ಮಾಡಿ ಬರ್ತೀನಿ. ಇಲ್ಲೇ ಇರ ತಂಗೀ" ಎಂದು ಹಿಂದಕ್ಕೆ ಹೋದ. ನನ್ನ ಪ್ಲಗ್ಗು ಬೇರೆ ಬೋರ್ಡಿನಲ್ಲಿತ್ತು, ಅದಕ್ಕೇನೂ ಆಗಲಿಲ್ಲ. ಮೊದಲ ಮ್ಯಾನೇಜರಿನ ಅಳತೆ ಮುಗಿದು ಎರಡನೆಯದು ನಡೆದಿತ್ತು. ಲ್ಯಾಪ್‌ಟಾಪ್ ಕಾದು ಬಿಸಿಯಾಗಿತ್ತು, ಫ್ಯಾನು ಕಟ್ಟೆಯ ಮೇಲಿನ ಹಿಟ್ಟನ್ನೆಲ್ಲ ಎಳೆದುಕೊಳ್ಳುತ್ತಿತ್ತು. ಕಣ್ಣು ಪರದೆಯ ಮೇಲಿಂದ ತೆಗೆಯದೆ ಪಕ್ಕಕ್ಕೆ ಕೈ ಚಾಚಿದೆ. ಕೈಗೆ ಬಟ್ಟೆ ಸಿಕ್ಕಿತು. ಎಳೆದು, ಮಡಚಿ, ಲ್ಯಾಪ್‌ಟಾಪಿನ ಕೆಳಗೆ ಹಾಸಿದೆ.

ಪುರ್ತಗೇರಿಯಿಂದ ಸಂತೆಗೆ ಬಂದಾಗಲೆಲ್ಲ ಜೋಳ ಬೀಸಿಸಿಕೊಂಡು ಹೋಗುವ ಹೆಂಗಸೊಬ್ಬರಿದ್ದಾರೆ. ಅವರು ಬಂದರು, ಬುಟ್ಟಿ ಇಳಿಸಿದರು. "ಎಲ್ಲಿ ಹೋದನ ನಿಮ್ಮಣ್ಣ? ಚಾ ಕುಡ್ಯಾಕೇನ?" ಎಂದು ಕೇಳಿದರು. ನಾನು "ಹ್ಞೂಂ" ಅಂದೆ. ಪ್ರಶ್ನೆ ಮನಸ್ಸಿಗೆ ಇಳಿದಿರಲಿಲ್ಲ. ಪರದೆಯ ಮೇಲೆ ಊರು ತೆರೆದುಕೊಳ್ಳುತ್ತಿತ್ತು, ಆಟದ ವೇಗ ತೋರಿಸುವ ಮೂಲೆಯ ಅಂಕಿ ಏರುತ್ತಿತ್ತು. ಅವರ ಕೈ ಹಿಡಿಕೆಯತ್ತ ಹೋದದ್ದು ಕಂಡಿತು. ಬರಿದಾದ ಹಿಡಿಕೆಯೂ ಕಂಡಿತು. ಎಲ್ಲ ಅರ್ಥವಾಯಿತು, ಬಾಯಿಯೂ ತೆರೆಯಿತು. ದನಿ ಬರಲಿಲ್ಲ.

ಮೋಟಾರು ಗುಡುಗಿತು. ಹಿಂದಿನಿಂದ ಅಣ್ಣನ ಕೂಗು. ಹಿಡಿಕೆ ಇಳಿಸಿದವರು ಕೂಡ ಆ ಹೆಂಗಸೇ. ನಾನು ಕೂತೇ ಇದ್ದೆ.

ಅಣ್ಣ ಹೊರಬಂದಾಗ ಅಂಗಿಯ ಬಲತೋಳು ಇರಲಿಲ್ಲ. ಆ ಗಳಿಗೆಗೆ ಸರಿಯಾಗಿ ಬೆವರು ಒರೆಸಿಕೊಳ್ಳಲು ಕೈ ಎತ್ತಿದ್ದನಂತೆ, ಪಟ್ಟಾ ಬಟ್ಟೆಯನ್ನಷ್ಟೇ ಕಿತ್ತುಕೊಂಡಿತ್ತು. ಮೊಣಕೈ ಕೆಂಪಗೆ ತರಚಿತ್ತು. ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಳ್ಳುತ್ತ ಕೂಗಾಡಿದ: "ಯಕ್ಕಾ, ಕಣ್ಣ ಕಾಣಸೂದಿಲ್ಲೇನ ನಿನಗ? ವಲ್ಲಿ ಹಾಕಿದ್ನೆಲ್ಲ!"

"ಎಲ್ಲೈತೋ ವಲ್ಲಿ? ಇದ್ದಿದ್ರ ನಾ ಯಾಕ ಮುಟ್ಟಲಿ? ನಿನ್ನ ತಂಗೀನ್ನ ಕೇಳಿದೆ, ಹ್ಞೂಂ ಅಂದ್ಳು!" ಆಕೆ ನನ್ನತ್ತ ಬೆರಳು ಮಾಡಿದರು.

ನಾನು ಲ್ಯಾಪ್‌ಟಾಪನ್ನು ಎತ್ತಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಇಬ್ಬರೂ ಮಡಚಿದ ವಲ್ಲಿಯನ್ನು ನೋಡಿದರು. "ಕಲ್ತಾಕಿ ನೋಡಪಾ" ಎಂದರು ಆಕೆ, "ಪೆಟಗಿಗೆ ಹಾಸಿಗಿ ಹಾಸ್ಯಾಳ." ಜೋಳದ ಬುಟ್ಟಿ ಎತ್ತಿಕೊಂಡು, ಬೀಸಿಸದೆಯೇ ಹೊರಟುಹೋದರು. ಅಣ್ಣ ವಲ್ಲಿ ಕೊಡವಿ ಹಿಡಿಕೆಯ ಮೇಲೆ ಹಾಕಿ, ಮತ್ತೆ ಯಂತ್ರದ ಹಿಂದೆ ಹೋದ.

ಈಗಲೂ ಊಟದ ನಡುವೆ, ಬಟ್ಟೆ ಒಗೆಯುವಾಗ, ಕಣ್ಣ ಮುಂದೆ ಆ ಕೈ ಹಿಡಿಕೆಯತ್ತ ಹೋಗುತ್ತದೆ. ಒಂದೊಂದು ಸಲ ಮನಸ್ಸಿನಲ್ಲೇ ನಾನು ಕೂಗುತ್ತೇನೆ. ಕೂಗಿದಾಗಲೂ ಮೂಲೆಯ ಅಂಕಿ ಕಾಣುತ್ತಲೇ ಇರುತ್ತದೆ.

ಕೆಲ ದಿನಗಳ ಮೇಲೆ ಅಣ್ಣ ಉಣ್ಣುತ್ತ ಕೇಳಿದ: "ಅಲಾ, ನಿಂದೇನೋ ಪರೀಕ್ಷಾ ನಡದಿತ್ತಲ್ಲ, ಯಾವುದು ಗೆದ್ದತು?"

ಒರಟಾದದ್ದೇ ಗೆದ್ದಿತ್ತು. ಆಟ ಎಣ್ಣೆ ಹಾಕಿದಂತೆ ಓಡಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು; ಆ ಹೊತ್ತಿನಲ್ಲಿ ನಾನು ಗಮನವಿಟ್ಟು ನೋಡಿದ್ದು ಅದೊಂದನ್ನೇ.

"ಇನ್ನಾ ಮುಗಿದಿಲ್ಲ" ಅಂದೆ.

"ಹಂಗಾರ ಮುಗಿಸ ಬಾ" ಅಂದ ಅಣ್ಣ, ತರಚಿದ ಕೈಯಲ್ಲೇ ರೊಟ್ಟಿ ಮುರಿಯುತ್ತ. "ವಲ್ಲಿ ಮಾತ್ರ ಮನಿಯಿಂದ ತಗೊಂಬಾ."