ಮಹಿಷನ ಮುಖವಿಲ್ಲದ ಹಾಳೆ

ನಾನು ಮದುವೆಯಾಗಿ ಹಳೇಬೀಡಿಗೆ ಬಂದಾಗ ಸೀರೆಗಳ ಜೊತೆ ಅನುಮಾನವನ್ನೂ ಟ್ರಂಕಿನಲ್ಲಿ ತುಂಬಿಕೊಂಡು ಬಂದೆ ಅಂತ ನಮ್ಮ ಯಜಮಾನರು ರೇಗಿಸುತ್ತಿದ್ದರು. ರೇಗಿಸಲಿ. ನಾನು ಅರಸೀಕೆರೆಯ ರೈಲ್ವೆ ಸ್ಟೇಷನ್ ಹತ್ತಿರ ಬೆಳೆದವಳು. ಅಲ್ಲಿ ಚೀಲದ ಮೇಲಿಂದ ಕಣ್ಣು ತೆಗೆದರೆ ಮತ್ತೆ ನೋಡುವಷ್ಟರಲ್ಲಿ ಚೀಲ ಇರುವುದಿಲ್ಲ.

ಅತ್ತೆಮನೆಯಲ್ಲಿ ದೇವಿಯ ಪಾರಾಯಣಕ್ಕೆಂದು ಒಂದು ಕೈಬರಹದ ಪುಸ್ತಕವಿತ್ತು. ಮಾವನವರ ಅಜ್ಜನ ಕಾಲದ್ದು. ಬಿಡಿ ಹಾಳೆಗಳು, ಮೇಲೊಂದು ಕೆಳಗೊಂದು ಹಲಗೆ, ಸುತ್ತ ಕೆಂಪು ಬಟ್ಟೆ. ಅಧ್ಯಾಯಕ್ಕೊಂದು ಚಿತ್ರ: ಸಿಂಹದ ಮೇಲೆ ಕೂತ ದೇವಿ, ಕೋಣದ ಕತ್ತಿನಿಂದ ಅರ್ಧ ಹೊರಬಂದ ಮಹಿಷ, ರಕ್ತ ಕುಡಿಯುವ ಕಾಳಿ. ಅಂಚುಗಳು ಹಪ್ಪಳದ ಹಾಗೆ ಮುರಿಯತೊಡಗಿದ್ದವು. ಪೂರ್ತಿ ಹಾಳಾಗುವ ಮುಂಚೆ ಒಂದು ಪ್ರತಿ ಮಾಡಿಸಬೇಕೆಂದು ಮಾವನವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಿಗೆ ಹೇಳಿದರು. ತೊಂಬತ್ತರ ದಶಕದ ಮೊದಲ ವರ್ಷಗಳು.

ಮೇಷ್ಟ್ರು ಮಾದಿಹಳ್ಳಿಯವರು. ಸ್ಕೂಲು ಬಿಟ್ಟ ಮೇಲೆ ಬಂದು ನಡುಮನೆಯಲ್ಲಿ ಕೂತು ಚಿತ್ರ ಬರೆದು, ಸಂಜೆ ಬಸ್ಸಿಗೆ ಹೊರಡುವರು. ಬಿಡಿಗಾಸು ಬೇಡ ಅಂದಿದ್ದರು. ಅಲ್ಲೇ ನನಗೆ ಅನುಮಾನ ಶುರುವಾದದ್ದು. ಪುಕ್ಕಟೆ ಯಾರು ಸ್ವಾಮಿ ಇಷ್ಟು ಬೆನ್ನು ಬಗ್ಗಿಸಿ ದುಡಿಯುತ್ತಾರೆ? ಬೆಳ್ಳಗಿರುವುದೆಲ್ಲ ಹಾಲಲ್ಲ. ಅಕ್ಕಿ ಆರಿಸುವ ನೆಪದಲ್ಲಿ ಎದುರಿಗೇ ಕೂತು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಅವರು ಹೊರಟ ಮೇಲೆ ಹಾಳೆ ಎಣಿಸಿಯೇ ಕಟ್ಟಿಡುತ್ತಿದ್ದೆ. ನಾನು ನೋಡಿದ್ದೆಲ್ಲ ಅವರ ಕೈಯನ್ನು. ಚಿತ್ರವನ್ನು ಒಂದು ದಿನವೂ ಸರಿಯಾಗಿ ನೋಡಲಿಲ್ಲ.

ಆ ವರ್ಷ ದುರ್ಗಾಷ್ಟಮಿಯ ಬೆಳಿಗ್ಗೆ ಪಾರಾಯಣಕ್ಕೆ ಕೂತ ಮಾವನವರು ಹಾಳೆ ಎತ್ತಿ ಹಿಡಿದರು. ಮಹಿಷನ ಮುಖ ಇರಬೇಕಾದ ಕಡೆ ಬೆರಳು ತೂರುವಷ್ಟು ತೂತು!

ಪೂಜೆಗೆ ಮೇಷ್ಟ್ರನ್ನೂ ಕರೆದಿದ್ದೆವು. ನಾನು ತಡೆಯಲಿಲ್ಲ. "ನಿಮ್ಮ ಕೈಯೇ ಕಣ್ರೀ ಇದರ ಮೇಲೆ ಕೊನೇಲಿ ಇದ್ದಿದ್ದು. ಯಾರಿಗೆ ಕತ್ತರಿಸಿಕೊಟ್ರಿ?" ಎಂದೆ. ಪಾಪ, ಅವರ ಕೈ ತಾನಾಗಿಯೇ ಷರಟಿನ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಅದನ್ನೂ ಅಂದುಬಿಟ್ಟೆ. "ಆ ಮುಖ ಮೊದ್ಲೇ ಮಾಸಿತ್ತು ತಾಯಿ, ಆದ್ರೆ ತೂತು ಇರ್ಲಿಲ್ಲ. ನಾನು ಯಾಕೆ ಕತ್ತರಿಸ್ಲಿ?" ಎಂದರು. ಮಾವನವರು ತಲೆ ತಗ್ಗಿಸಿದರು. ಅತ್ತೆ ಆರತಿ ತಟ್ಟೆಯನ್ನೇ ನೋಡುತ್ತಾ ನಿಂತಿದ್ದರು. ಮೇಷ್ಟ್ರು ಪ್ರಸಾದವನ್ನೂ ತೆಗೆದುಕೊಳ್ಳದೆ ಹೋದರು.

ಅಷ್ಟಕ್ಕೇ ಬಿಟ್ಟೆನೇ? ನಲ್ಲಿ ಹತ್ತಿರ ನಾಲ್ಕು ಜನಕ್ಕೆ ಹೇಳಿದೆ. ಸ್ಕೂಲಿನ ಮಕ್ಕಳು ಅವರ ಬೆನ್ನ ಹಿಂದೆ 'ಹಾಳೆ ಮೇಷ್ಟ್ರು' ಅನ್ನತೊಡಗಿದರು. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಅವರು ಅರೇಹಳ್ಳಿಗೆ ವರ್ಗ ಮಾಡಿಸಿಕೊಂಡಿದ್ದರು. ಪ್ರತಿ ಅರ್ಧಕ್ಕೇ ನಿಂತಿತು.

ಮರುವರ್ಷದ ಅಷ್ಟಮಿ. ಮಾವನವರು ಸ್ನಾನಕ್ಕೆ ಹೋಗಿದ್ದರು. ಹೂವಿನ ಬುಟ್ಟಿ ಹಿಡಿದು ದೇವರಮನೆಗೆ ಕಾಲಿಟ್ಟವಳು ಅಲ್ಲೇ ನಿಂತೆ. ಅತ್ತೆ ತೋರುಬೆರಳನ್ನು ಕುಂಕುಮದ ನೀರಿನಲ್ಲಿ ಅದ್ದಿ ಪುಸ್ತಕದ ಹಾಳೆಯಲ್ಲಿದ್ದ ಶುಂಭಾಸುರನ ಮುಖವನ್ನು ಗಸಗಸ ಉಜ್ಜುತ್ತಿದ್ದರು.

"ಅಯ್ಯೋ, ಏನತ್ತೆ ಇದು?"

ಅವರು ಬೆಚ್ಚಿಬಿದ್ದರು. "ನಮ್ಮತ್ತೆ ಹೇಳ್ಕೊಟ್ಟಿದ್ದು ಕಣೇ. ದೇವಿ ಒಬ್ಬಳೇ ಹೊಡೀಬೇಕೇ? ಮನೆ ಹೆಣ್ಣುಮಕ್ಕಳೂ ಅವನಿಗೊಂದು ಏಟು ಹಾಕ್ಬೇಕಂತೆ. ವರ್ಷಕ್ಕೊಂದ್ಸಲ. ಗಂಡಸ್ರಿಗೆ ಹೇಳ್ಬಾರ್ದು. ಹೋದ ವರ್ಷ ಮಹಿಷನ ಮುಖದ ಕಾಗದಾನೇ ಕಿತ್ತು ಬಂತು, ಅದಕ್ಕೇ ಈ ಸಲ ಶುಂಭನಿಗೆ."

"ಮೇಷ್ಟ್ರಿಗೆ ನಾನು ಅಷ್ಟು ಅಂದಾಗ ನೀವು ಬಾಯೇ ಬಿಡ್ಲಿಲ್ವಲ್ಲ!"

"ಹೆಂಗೆ ಬಿಡ್ಲಿ? ನಿನ್ನ ಬಾಯಿಗೆ ಹೆದ್ರಿಕೊಂಡೆ."

ನಾಚಿಕೆಯಿಂದ ಸತ್ತೇಹೋದೆ.

ಮಾವನವರಿಗೆ ಎಲ್ಲ ಹೇಳಿ, ದಸರಾ ಮುಗಿದ ಮಾರನೆಯ ದಿನ ಪುಸ್ತಕವನ್ನು ಎದೆಗವಚಿಕೊಂಡು ಬೇಲೂರಿಗೆ ಬಂದು, ಬಸ್ಸು ಬದಲಿಸಿ ಅರೇಹಳ್ಳಿಗೆ ಹೋದೆ. ಮೇಷ್ಟ್ರ ಹೆಂಡತಿ ಕಾಫಿ ಕೊಟ್ಟರು. ನಡೆದದ್ದನ್ನೆಲ್ಲ ಹೇಳಿ, "ನಂದೇ ತಪ್ಪು ಮೇಷ್ಟ್ರೇ. ಹಳೇಬೀಡಲ್ಲಿ ಯಾರ್ಯಾರಿಗೆ ಹೇಳಿದ್ನೋ ಅವರಿಗೆಲ್ಲ ನಾನೇ ಹೋಗಿ ಹೇಳ್ತೀನಿ" ಎಂದೆ.

"ಇರ್ಲಿ ಬಿಡಿ ತಾಯಿ" ಅಂದರು. ಕಣ್ಣು ಮಾತ್ರ ಕೆಂಪು ಬಟ್ಟೆಯ ಮೇಲೆಯೇ ಇತ್ತು.

"ಪುಸ್ತಕ ಇಲ್ಲೇ ಬಿಟ್ಟು ಹೋಗ್ತೀನಿ. ಉಳಿದಿದ್ದು ನಿಧಾನವಾಗಿ ಬರೀರಿ" ಎಂದು ಗಂಟು ಬಿಚ್ಚಿ ಅವರ ಮುಂದೆ ಸರಿಸಿದೆ.

ಮೇಷ್ಟ್ರು ಎದ್ದು ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬಿಟ್ಟು ಹೋಗೋದು ಬೇಡ. ಹಾಳೆ ನೀವೇ ತಿರುಗಿಸಿ, ನಾನು ಇಲ್ಲಿಂದ್ಲೇ ನೋಡ್ತೀನಿ."

ಒಂದೊಂದೇ ಹಾಳೆ ತಿರುಗಿಸಿದೆ. ಕೊನೆಯ ಚಿತ್ರ ಮುಗಿಯುವವರೆಗೂ ಅವರು ಕೈ ಬಿಡಿಸಲಿಲ್ಲ.