ಕರಿ ಬಲ್ಬು ತೋರಿಸಿದ ಚೇಳುಗಳು

ನನಗೊಂದು ಕೆಟ್ಟ ಚಾಳಿ ಇದೆ. ಕಣ್ಣಿಗೆ ಬಿದ್ದ ಸೋಜಿಗವನ್ನು ಇನ್ನೊಬ್ಬರಿಗೆ ತೋರಿಸದಿದ್ದರೆ ಊಟ ಸೇರುವುದಿಲ್ಲ. ಅವರಿಗೆ ಅದು ಬೇಕೋ ಬೇಡವೋ ಎಂದು ಕೇಳುವ ತಾಳ್ಮೆ ಆಗಲೂ ಇರಲಿಲ್ಲ, ಈಗಲೂ ಅಷ್ಟಕ್ಕಷ್ಟೇ. ಹೆಂಡತಿಗೆ ಚೇಳುಗಳನ್ನು ತೋರಿಸಿದ್ದು ಆ ಚಾಳಿಯಿಂದಲೇ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನೂಲು ಸುತ್ತಿದ ಕೋನುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಕಿಟಕಿಯಿಲ್ಲದ ಕತ್ತಲೆ ಕೋಣೆ, ಅದರಲ್ಲೊಂದು ಕಪ್ಪು ಗಾಜಿನ ಬಲ್ಬು. ನಾವದನ್ನು ಕರಿ ಬಲ್ಬು ಎನ್ನುತ್ತಿದ್ದೆವು. ಹೊತ್ತಿಸಿದರೆ ಬೆಳಕು ಬಂತೆಂದೇ ಅನಿಸದು, ಮಂಕು ನೇರಳೆ ಬಣ್ಣ ಅಷ್ಟೇ. ಆದರೆ ಬಿಸಿಲಲ್ಲಿ ಒಂದೇ ಬಿಳುಪಾಗಿ ಕಂಡ ಕೋನಿನಲ್ಲಿ ಬೇರೆ ಲಾಟಿನ ಹತ್ತಿಯ ಎಳೆ ಸೇರಿದ್ದರೆ, ಅದರಡಿ ಬೇರೆ ಬಣ್ಣದ ಉಂಗುರವಾಗಿ ಎದ್ದು ಕಾಣುತ್ತಿತ್ತು. ಅಂಥದ್ದನ್ನು ಪಕ್ಕಕ್ಕೆ ಇಡಬೇಕು. ಶಿಫ್ಟ್ ಮುಗಿಯುವ ತನಕ ಇದೇ ಕೆಲಸ.

ಒಂದು ಮಧ್ಯಾಹ್ನ ಮೂಲೆಯ ಗೋಣಿಚೀಲಗಳ ಹತ್ತಿರ ನೆಲದ ಮೇಲೆ ಹಸಿರಾಗಿ ಏನೋ ಹೊಳೆಯಿತು. ನೂಲಿನ ತುಂಡು ಎಂದುಕೊಂಡು ಎತ್ತಲು ಬಗ್ಗಿದೆ. ನೂಲು ನಡೆಯಿತು. ಹಿಂದೆ ಹಾರಿ ಟ್ಯೂಬ್‌ಲೈಟ್ ಹಾಕಿದರೆ, ಬೆರಳುದ್ದದ ಕರಿ ಚೇಳು. ಆರಿಸಿದೆ, ಮತ್ತೆ ಹಸಿರು. ಕಾಲು, ಇಕ್ಕಳ, ಬಾಗಿಸಿದ ಕೊಂಡಿ, ಒಂದೊಂದೂ ಒಳಗಿನಿಂದ ದೀಪ ಹಚ್ಚಿದ ಹಾಗೆ. ಅವತ್ತು ನಾನು ಎಷ್ಟು ಸಲ ಲೈಟು ಹಾಕಿ ತೆಗೆದೆನೋ, ಎಷ್ಟು ಕೋನು ನೋಡದೆ ಬಿಟ್ಟೆನೋ ಗೊತ್ತಿಲ್ಲ.

ಕೊನೆಗೆ ಅದನ್ನು ಪೆಪ್ಪರಮಿಂಟಿನ ಗಾಜಿನ ಡಬ್ಬಿಗೆ ಹಾಕಿಕೊಂಡೆ. ನಮ್ಮ ವಿಭಾಗದ ಮುದುಕ ಫಿಟ್ಟರ್ ಸಾಬರು ನೋಡಿ ಹಣೆ ಚಚ್ಚಿಕೊಂಡರು.

"ಮನಿಗೆ ಒಯ್ಯಬ್ಯಾಡ್ರಿ. ಖತರ್ನಾಕ್ ಐತೆ ಅದು."

"ಡಬ್ಬಿಯೊಳಗೆ ಇದ್ರ ಏನ್ ಮಾಡ್ತತಿ?"

"ನಾನು ಚೇಳಿನ ಮಾತು ಹೇಳಿಲ್ರಿ, ನಿಮ್ಮ ಹುಚ್ಚಿನ ಮಾತು ಹೇಳ್ದೆ," ಎಂದು ನಕ್ಕರು.

ವಿನೋಬನಗರದಲ್ಲಿ ನಮ್ಮದು ಮಣ್ಣಿನ ಗೋಡೆಯ, ಹಂಚು ಹೊದಿಸಿದ ಬಾಡಿಗೆ ಮನೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿ ಮಲೆಬೆನ್ನೂರಿನ ಕಡೆಯವಳು, ಗದ್ದೆಯ ಬದುವಿನಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವಳು. ಡಬ್ಬಿ ನೋಡಿ ಕಿರುಚುತ್ತಾಳೆ ಎಂದುಕೊಂಡಿದ್ದೆ. ಅವಳು ಗಾಜಿಗೆ ಮೂಗು ಹಚ್ಚಿ, "ಏನ್ ತಿಂತತಿ ಇದು?" ಎಂದಳು. ಅವತ್ತಿನಿಂದ ಜಿರಲೆ ಹಿಡಿದು ಹಾಕುವ ಕೆಲಸ ಅವಳದೇ. ಮರಳು, ಒಡೆದ ಹಂಚಿನ ಚೂರು, ಒದ್ದೆ ಹತ್ತಿ, ಇಷ್ಟೇ ಅದರ ಸಂಸಾರ. ಮೂರು ದಿನ ಅಲ್ಲಾಡದೆ ಕೂರುತ್ತಿತ್ತು. ಸತ್ತಿತೇನೋ ಎನ್ನುವಾಗ ಹೊಟ್ಟೆಯಡಿಯ ಬಾಚಣಿಗೆಯಂಥ ಅಂಗದಿಂದ ಮರಳನ್ನು ಸವರುತ್ತ ಒಂದು ಸುತ್ತು ಬರುತ್ತಿತ್ತು. ಜಿರಲೆ ಹಾಕಿದರೆ ಗಡಿಬಿಡಿಯಿಲ್ಲ. ಹಿಡಿದು, ನಿಧಾನ ಜಗಿದು, ಗಂಟೆಗಟ್ಟಲೆ ಊಟ. ನಾವಿಬ್ಬರೂ ಮಂಡಿಯೂರಿ ನೋಡುತ್ತಿದ್ದೆವು. ನನ್ನ ಸಂಸಾರದ ಅತ್ಯಂತ ಸುಖದ ದಿನಗಳು ಯಾವುವು ಎಂದು ಕೇಳಿದರೆ ನಾಚಿಕೆ ಬಿಟ್ಟು ಇವನ್ನೇ ಹೇಳುತ್ತೇನೆ.

ಆದರೆ ಹಸಿರು ಬೆಳಕನ್ನು ಅವಳು ಕಂಡಿರಲಿಲ್ಲವಲ್ಲ! ಸಾಬರ ಬೆನ್ನು ಬಿದ್ದು, ಬದಲಾಯಿಸಿ ಮೂಲೆಗೆಸೆದಿದ್ದ ಹಳೆಯ ಕರಿ ಬಲ್ಬನ್ನು ಚೋಕ್ ಸಮೇತ ಮನೆಗೆ ತಂದೆ. ಆಗ ಅವಳು ಆರು ತಿಂಗಳ ಬಸುರಿ.

ಸಂಜೆ ಕತ್ತಲಾದ ಮೇಲೆ ಡಬ್ಬಿಯ ಮೇಲೆ ಬಲ್ಬು ಹಿಡಿದೆ. "ಅಯ್ಯೋ, ಎಷ್ಟ್ ಚಂದ ಐತ್ರಿ!" ಎಂದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಉದ್ದ ವೈರು ಎಳೆದುಕೊಂಡು ಹಿತ್ತಲಿಗೆ ಕರೆದೊಯ್ದೆ. ಹಿತ್ತಲ ಕಲ್ಲುಗೋಡೆಯ ಸಂದಿಗಳಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಬೆಳಕು. ಇವು ಕರಿ ಚೇಳಲ್ಲ, ಕೆಂಪು ಚೇಳು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು, ಮಕ್ಕಳನ್ನು ಕೊಲ್ಲುವಷ್ಟು ವಿಷದವು. ಆದರೂ ಅವಳು ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಲೇ ಇದ್ದಳು. ಆ ನಗುವಿಗೆ ಉಬ್ಬಿ, ಬಲ್ಬನ್ನು ಮಲಗುವ ಕೋಣೆಯೊಳಕ್ಕೆ ತಿರುಗಿಸಿದೆ.

ಅವಳ ದಿಂಬಿನ ಪಕ್ಕದ ಗೋಡೆಯಲ್ಲಿ, ಮಣ್ಣು ಬಿರಿದ ಗೆರೆಯುದ್ದಕ್ಕೂ, ಅವು ಸಾಲಾಗಿ ಇದ್ದವು. ಒಂದು ದಿಂಬಿನಿಂದ ಗೇಣು ಮೇಲೆ. ಇನ್ನೊಂದರ ಬೆನ್ನ ಮೇಲೆ ಬಿಳಿಚಿದ ಮರಿಗಳ ರಾಶಿ. ಯಾವುದೂ ಓಡಲಿಲ್ಲ. ನಾವು ಬಂದದ್ದು ಅವಕ್ಕೆ ಹೊಸದಲ್ಲವಲ್ಲ.

ಅವಳ ಕೈ ಹೊಟ್ಟೆಯ ಮೇಲೆ ಹೋಯಿತು.

"ಇವು ಮೊದ್ಲಿಂದಾನೂ ಇಲ್ಲೇ ಇದ್ವೇನ್ರಿ?"

"ಇದ್ದಿರಬೇಕು."

"ನಾನ್ ಮಲಗಿದಾಗೆಲ್ಲ?"

"ಒಂದು ದಿನಾನೂ ಕಡಿದಿಲ್ಲ ನೋಡು," ಎಂದೆ. ಸಮಾಧಾನ ಹೇಳುತ್ತಿದ್ದೇನೆ ಎಂದೇ ನನ್ನ ಎಣಿಕೆ.

ಅವತ್ತಿನಿಂದ ಅವಳು ಮಲಗಲಿಲ್ಲ. ಮಂಚದ ನಡುವೆ ಕಾಲು ಮಡಚಿಕೊಂಡು ಕೂತು, ಗೋಡೆ ನೋಡುತ್ತಿದ್ದಳು. ಬರಿಗಾಲಿನವಳು ಒಲೆಯ ಮುಂದೆಯೂ ಚಪ್ಪಲಿ ಹಾಕಿಕೊಂಡಳು. ಬಿರುಕಿಗೆ ಮಣ್ಣು ಮೆತ್ತಿದೆ, ಸೀಮೆಎಣ್ಣೆ ಸುರಿದೆ. ಸಂಜೆ ಬಲ್ಬು ಹಿಡಿದರೆ ಬೇರೊಂದು ಕಡೆ ಹಸಿರು. ವಿದ್ಯಾನಗರದ ಕಡೆ ಬೇರೆ ಮನೆ ನೋಡಿದೆ, ನಮ್ಮ ಕೈಗೆ ಎಟುಕುವ ಬಾಡಿಗೆಯಲ್ಲ. ಏಳನೇ ತಿಂಗಳಿಗೆ ಅವಳು ಹೆರಿಗೆಗೆಂದು ತವರಿಗೆ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಮುಖ ನೋಡದೆ ಹೇಳಿದಳು:

"ಆ ಗೋಡಿ ಖಾಲಿ ಆಗೋ ತನಕ ನಾನು ಕೂಸಿನ್ನ ಕರ್ಕಂಡು ಬರಲ್ಲ. ಸಿಟ್ಟಾಗಬ್ಯಾಡ್ರಿ. ನನ್ನ ಕೈಲಿ ಆಗಲ್ಲ."

ನನಗೆ ಸಿಟ್ಟೇ ಬಂತು. ಅವಳ ಮೇಲೆ ಅಲ್ಲ, ಬಲ್ಬಿನ ಮೇಲೂ ಅಲ್ಲ. ಎರಡು ವರ್ಷ ನಿಶ್ಚಿಂತೆಯಾಗಿ ಮಲಗಿದ ಹೆಂಗಸಿನ ನಿದ್ದೆಯನ್ನು ಒಂದು ಸಂಜೆಯಲ್ಲಿ ಕಿತ್ತುಕೊಂಡವನು ನಾನೇ.

ಮುಂದಿನ ಭಾನುವಾರ ಡಬ್ಬಿಯನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಹರಿಹರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರು ಏನದು ಎಂದು ಕೇಳಿದ್ದಕ್ಕೆ ಉಪ್ಪಿನಕಾಯಿ ಎಂದೆ. ತುಂಗಭದ್ರೆಯ ದಂಡೆಯಲ್ಲಿ, ಜನ ಬಟ್ಟೆ ಒಗೆಯುವ ಜಾಗ ದಾಟಿ, ಬಂಡೆಗಳ ನಡುವೆ ಡಬ್ಬಿಯನ್ನು ಅಡ್ಡ ಮಲಗಿಸಿದೆ. ಕರಿ ಚೇಳು ಬಹಳ ಹೊತ್ತು ಡಬ್ಬಿಯ ಬಾಯಲ್ಲೇ ನಿಂತಿತು. ಆಮೇಲೆ ಒಂದು ಕಲ್ಲಿನಡಿ ಹೊರಟುಹೋಯಿತು, ಬೀಳ್ಕೊಡುಗೆ ಗೀಳ್ಕೊಡುಗೆ ಏನೂ ಇಲ್ಲ. ಅದು ನಮ್ಮದು ಎಂದು ಉಳಿಸಿದೆ. ಗೋಡೆಯವು ನಮ್ಮವಾಗಿರಲಿಲ್ಲ.

ಅದೇ ಸಂಜೆ ಶುರು ಮಾಡಿದೆ. ಹಳೆಯ ಚಪ್ಪಲಿಯ ಅಟ್ಟೆಯನ್ನು ಬಿದಿರು ಕೋಲಿಗೆ ಮೊಳೆ ಹೊಡೆದು ಕೂರಿಸಿದ್ದೆ. ಎಡಗೈಯಲ್ಲಿ ಬಲ್ಬು, ಬಲಗೈಯಲ್ಲಿ ಕೋಲು. ಕರಿ ಬಲ್ಬು ಇಲ್ಲದೆ ಹೋಗಿದ್ದರೆ ಹತ್ತು ವರ್ಷವಾದರೂ ಅವನ್ನು ಮುಗಿಸಲಾಗುತ್ತಿರಲಿಲ್ಲ. ಅದು ಇದ್ದದ್ದರಿಂದ ಅವಕ್ಕೆ ಅಡಗಲು ಜಾಗವೇ ಉಳಿಯಲಿಲ್ಲ. ಮಲಗುವ ಕೋಣೆ ಮುಗಿಸಿ ಹಿತ್ತಲಿಗೆ ಹೋದೆ. ಹಿತ್ತಲಿಗೆ ಯಾಕೆ ಹೋದೆ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಕೈಗೆ ಲಯ ಸಿಕ್ಕಿತ್ತು. ಮರಿ ಹೊತ್ತದ್ದನ್ನೂ ಬಿಡಲಿಲ್ಲ. ಸತ್ತವನ್ನು ಒಂದು ತಗಡಿನ ಡಬ್ಬಿಗೆ ಹಾಕುತ್ತಿದ್ದೆ. ಒಮ್ಮೆ ಬಲ್ಬು ಆ ಕಡೆ ತಿರುಗಿತು. ಡಬ್ಬಿ ತುಂಬ ಹಸಿರು, ಬದುಕಿದ್ದಾಗ ಇದ್ದಷ್ಟೇ ಹಸಿರು. ತಕ್ಷಣ ಮುಚ್ಚಳ ಒತ್ತಿ ಚರಂಡಿಯ ಆಚೆ ಹೂತು ಬಂದೆ. ಬೆಳಿಗ್ಗೆ ಹಳೆ ಬಟ್ಟೆಯಿಂದ ಗೋಡೆ ಒರೆಸುತ್ತಿದ್ದೆ. ಹಗಲಲ್ಲಿ ಏನೂ ಕಾಣುತ್ತಿರಲಿಲ್ಲ.

ಮಗಳು ಹುಟ್ಟಿದಳು. ಮಲೆಬೆನ್ನೂರಿಗೆ ಹೋಗಿ ನೋಡಿ ಬಂದೆ. ವಾರಗಟ್ಟಲೆ ಒಂದೂ ಚೇಳು ಕಾಣದಿದ್ದಾಗ ಕಾಗದ ಬರೆದೆ: ಗೋಡೆ ಖಾಲಿಯಾಗಿ ಮೂರು ವಾರವಾಯಿತು, ಬಾ.

ಬಂದಳು. ಮೂರು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ಕೋಣೆಯ ಹೊಸ್ತಿಲಲ್ಲೇ ನಿಂತಳು.

"ತೋರಸ್ರಿ."

"ಖಾಲಿ ಐತೆ ಅಂತ ಬರೆದಿದ್ನಲ್ಲ."

"ನಿಮ್ಮ ಬಲ್ಬು ಹಚ್ಚಿ ತೋರಸ್ರಿ."

ಬಾಗಿಲು ಮುಚ್ಚಿ ಬಲ್ಬು ಹಚ್ಚಿದೆ. ಮೊದಲು ಕೂಸಿಗೆ ಸುತ್ತಿದ ಬಿಳಿ ಬಟ್ಟೆ ನೀಲಿಯಾಗಿ ಹೊಳೆದು ನಾನೇ ಬೆಚ್ಚಿದೆ. ಗೋಡೆಯ ಮೇಲೆ ಒಂದೂ ಚೇಳಿರಲಿಲ್ಲ. ಆದರೆ ಗೋಡೆ ಕತ್ತಲಾಗಿರಲಿಲ್ಲ. ಇಡೀ ಚೇಳನ್ನಷ್ಟೇ ಹುಡುಕುತ್ತಿದ್ದ ನಾನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ನೆಲದಿಂದ ನನ್ನ ಕೈ ಎಟುಕುವ ಎತ್ತರದ ತನಕ, ಅಟ್ಟೆಯಗಲದ ಗುರುತುಗಳಲ್ಲಿ ಹಸಿರು ಚೂರು, ಹಸಿರು ಪುಡಿ. ಮಣ್ಣಿನೊಳಗೆ ಹೂತ ಅರ್ಧ ಇಕ್ಕಳ. ಒಂದು ಕೊಂಡಿ. ದಿಂಬು ಇರುತ್ತಿದ್ದ ಜಾಗದಲ್ಲಿ ಎಲ್ಲಕ್ಕಿಂತ ದಟ್ಟ.

"ಇವು ಬದುಕ್ಯಾವಾ?" ಎಂದಳು, ಪಿಸುದನಿಯಲ್ಲಿ.

"ಇಲ್ಲ. ಎಲ್ಲಾ ಸತ್ತಾವು."

"ಹಿತ್ತಲಾಗಿನವು?"

"ಅವೂನು."

"ಅವ್ಯಾಕ್ರಿ?"

"ನೀನೇ ಅಲ್ವಾ ಹೇಳಿದ್ದು," ಎಂದೆ.

"ಹೌದು. ನಾನೇ ಹೇಳಿದ್ದು. ಈ ಗೋಡಿದು ಹೇಳಿದ್ದೆ," ಎಂದಳು.

ಬಲ್ಬು ಆರಿಸಿ ಲೈಟು ಹಾಕಿದೆ. ಬರೀ ಮಣ್ಣಿನ ಗೋಡೆ. ನನ್ನ ಮನೆಗೆ ಮೊದಲ ಸಲ ಬಂದ ಮಗಳನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದೆ. ಹೆಂಡತಿ ಅರ್ಧ ಹೆಜ್ಜೆ ಹಿಂದೆ ಸರಿದಳು.

"ಕೈ ತೊಳ್ಕಂಡು ಬರ್ರಿ."

ಕೊನೆಯದನ್ನು ಕೊಂದು ತಿಂಗಳ ಮೇಲಾಗಿತ್ತು. ಅದು ನನ್ನ ಕಾಗದದಿಂದ ಅವಳಿಗೂ ಗೊತ್ತಿತ್ತು. ಬಚ್ಚಲಿಗೆ ಹೋಗಿ ಮೊಣಕೈ ತನಕ ಸೋಪು ಹಚ್ಚಿ ಎರಡು ಸಲ ತೊಳೆದುಕೊಂಡು ಬಂದೆ. ಕೂಸನ್ನು ನನ್ನ ಕೈಗೆ ಕೊಟ್ಟಳು. ತನ್ನ ಒಂದು ಕೈಯನ್ನು ಮಾತ್ರ ಕೂಸಿನ ಕೆಳಗಿನಿಂದ ತೆಗೆಯಲಿಲ್ಲ.